ಹಿಮ್ಮಡಿಯ ಒಂದು ಹನಿ ರಕ್ತ: ಡಾ. ರಾಬರ್ಟ್ ಗಥ್ರಿ ಅವರ ಬದುಕು ಮತ್ತು ಸಾಧನೆ

ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗವು 1980ರಲ್ಲಿ ನಮ್ಮ ದೇಶಕ್ಕೆ ಹೊಸದಾದ ಕಾರ್ಯವೊಂದಕ್ಕೆ ಕೈಹಾಕಿತು. ಆಗತಾನೆ ಹುಟ್ಟಿದ ಶಿಶುಗಳ ರಕ್ತವನ್ನು ಪರೀಕ್ಷಿಸಿ, ಹುಟ್ಟಿನೊಂದಿಗೇ ಬರುವ ಚಯಾಪಚಯ ದೋಷಗಳನ್ನು ರೋಗಲಕ್ಷಣ ಕಾಣುವ ಮೊದಲೇ ಪತ್ತೆಹಚ್ಚುವುದು ಆ ಯೋಜನೆಯ ಗುರಿಯಾಗಿತ್ತು. ಪ್ರೊ. ಎನ್. ಅಪ್ಪಾಜಿ ರಾವ್, ಡಾ. ಎ. ರಾಧಾರಮಾ ದೇವಿ ಮತ್ತು ಅವರ ಸಹೋದ್ಯೋಗಿಗಳು 1988ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಕರ್ನಾಟಕದ 1,12,269 ಶಿಶುಗಳು ಈ ಪರೀಕ್ಷೆಗೆ ಒಳಪಟ್ಟಿದ್ದವು. ಭಾರತದ ನವಜಾತ ಶಿಶು ತಪಾಸಣೆಯ ಇತಿಹಾಸ ಬರೆಯುವವರೆಲ್ಲ ಮೊದಲ ಪುಟದಲ್ಲಿ ನೆನೆಯುವುದು ಈ ಬೆಂಗಳೂರಿನ ಯೋಜನೆಯನ್ನೇ.

ಆರೋಗ್ಯವಾಗಿಯೇ ಕಾಣುವ ಸಾವಿರಾರು ಶಿಶುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಅಪಾಯದಲ್ಲಿರುವ ಒಂದೆರಡನ್ನು ಹುಡುಕಿ ತೆಗೆಯಬೇಕೆಂಬ ವಿಚಾರ ಇಂದು ಸಹಜವೆನಿಸಬಹುದು. ಆದರೆ 1960ಕ್ಕೆ ಮೊದಲು ಅದು ವೈದ್ಯಲೋಕಕ್ಕೆ ಒಗ್ಗದ ಮಾತಾಗಿತ್ತು. ಕಾಯಿಲೆ ಬಂದವರು ವೈದ್ಯರ ಬಳಿಗೆ ಹೋಗುವುದು ವಾಡಿಕೆಯೇ ಹೊರತು, ಕಾಯಿಲೆ ಇಲ್ಲದವರ ಬಳಿಗೆ ಪ್ರಯೋಗಾಲಯ ಬರುವುದು ವಾಡಿಕೆಯಾಗಿರಲಿಲ್ಲ. ಈ ವಾಡಿಕೆಯನ್ನು ಬದಲಿಸಿದವರು ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ಡಾ. ರಾಬರ್ಟ್ ಗಥ್ರಿ. ಅವರು ತೀರಿಕೊಂಡು ಮೂರು ದಶಕಗಳು ಕಳೆದಿವೆ. ಆದರೂ ಹಲವು ದೇಶಗಳಲ್ಲಿ ಶಿಶುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವ ಪರೀಕ್ಷೆಯನ್ನು ಜನ ಇಂದಿಗೂ ಗಥ್ರಿ ಪರೀಕ್ಷೆ ಎಂದೇ ಕರೆಯುತ್ತಾರೆ. ರಕ್ತದ ಹನಿಗಳನ್ನು ಇಂಗಿಸುವ ಕಾಗದಕ್ಕೆ ಗಥ್ರಿ ಕಾರ್ಡ್ ಎಂಬ ಹೆಸರೇ ನಿಂತಿದೆ.

ಪದವಿಗಳ ಮೇಲೆ ಪದವಿ

ರಾಬರ್ಟ್ ಗಥ್ರಿ ಹುಟ್ಟಿದ್ದು 1916ರ ಜೂನ್ 28ರಂದು, ಅಮೆರಿಕದ ಮಿಸ್ಸೂರಿ ರಾಜ್ಯದ ಮೇರಿಯನ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಬೆಳೆದದ್ದು ಉತ್ತರದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ. ಕಲಿಯುವ ಹಂಬಲ ಅವರಿಗೆ ವಿಪರೀತವಾಗಿತ್ತು. ವಿಜ್ಞಾನದಲ್ಲಿ ಪದವಿ, ಸ್ನಾತಕೋತ್ತರ ಪದವಿ, ವೈದ್ಯಪದವಿ, ಅದರ ಬೆನ್ನಿಗೇ ಸಂಶೋಧನೆಗಾಗಿ ಡಾಕ್ಟರೇಟ್ ಹೀಗೆ 1940ರ ದಶಕದ ಮಧ್ಯಭಾಗದ ಹೊತ್ತಿಗೆ ಅವರು ಗಳಿಸಿದ ಪದವಿಗಳ ಸಂಖ್ಯೆ ಆರನ್ನು ಮುಟ್ಟಿತ್ತು.

ವೈದ್ಯಪದವಿ ಕೈಯಲ್ಲಿದ್ದರೂ ಅವರ ಮನಸ್ಸು ರೋಗಿಗಳನ್ನು ನೋಡುವ ವೃತ್ತಿಗಿಂತ ಪ್ರಯೋಗಾಲಯದ ಕಡೆಗೇ ವಾಲಿತು. ಬ್ಯಾಕ್ಟೀರಿಯಾಗಳು ಯಾವ ಆಹಾರವಿದ್ದರೆ ಬೆಳೆಯುತ್ತವೆ, ಯಾವ ವಸ್ತು ಸೇರಿದರೆ ಬೆಳವಣಿಗೆ ನಿಲ್ಲಿಸುತ್ತವೆ ಎಂಬುದರ ಅಧ್ಯಯನದಲ್ಲಿ ಅವರು ಪಳಗಿದರು. 1950ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೊ ನಗರದ ರಾಸ್ವೆಲ್ ಪಾರ್ಕ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಕ್ಯಾನ್ಸರ್ ರೋಗಿಗಳ ರಕ್ತದಲ್ಲಿರುವ ಕೆಲವು ವಸ್ತುಗಳ ಪ್ರಮಾಣವನ್ನು ಬ್ಯಾಕ್ಟೀರಿಯಾಗಳ ಬೆಳವಣಿಗೆಯ ಮೂಲಕ ಅಳೆಯುವ ವಿಧಾನಗಳನ್ನು ಅಲ್ಲಿ ರೂಪಿಸುತ್ತಿದ್ದರು. ಆ ಕೆಲಸದಲ್ಲಿಯೇ ಮುಂದುವರಿದಿದ್ದರೆ ಗಥ್ರಿ ಅವರ ಹೆಸರು ಬಹುಶಃ ಅವರ ಕ್ಷೇತ್ರದ ಕೆಲವೇ ಮಂದಿಗೆ ತಿಳಿದಿರುತ್ತಿತ್ತು.

ಅವರ ದಾರಿ ಬದಲಾದದ್ದು ಮನೆಯೊಳಗಿನ ಕಾರಣದಿಂದ. ಗಥ್ರಿ ಮತ್ತು ಅವರ ಪತ್ನಿ ಮಾರ್ಗರೆಟ್ ದಂಪತಿಗೆ ಆರು ಮಕ್ಕಳು. 1947ರಲ್ಲಿ ಹುಟ್ಟಿದ ಎರಡನೆಯ ಮಗನ ಬುದ್ಧಿ ಬೆಳವಣಿಗೆ ಹುಟ್ಟಿನಿಂದಲೇ ಕುಂಠಿತವಾಗಿತ್ತು. ಕಾರಣವೇನೆಂಬುದು ಕಡೆಗೂ ಪತ್ತೆಯಾಗಲಿಲ್ಲ. ಇಂತಹ ಮಕ್ಕಳ ತಂದೆತಾಯಿಗಳು ಕಟ್ಟಿಕೊಂಡಿದ್ದ ಸಂಘದ ಬಫಲೊ ಶಾಖೆಯಲ್ಲಿ ಗಥ್ರಿ ಸಕ್ರಿಯರಾದರು. ಅದರ ಉಪಾಧ್ಯಕ್ಷರೂ ಆದರು. 1957ರ ಸುಮಾರಿಗೆ ಸಂಘದ ಮೂಲಕ ಅವರಿಗೆ ಪರಿಚಯವಾದವರು ಬಫಲೊದ ಮಕ್ಕಳ ಆಸ್ಪತ್ರೆಯ ಪುನರ್ವಸತಿ ಕೇಂದ್ರದ ನಿರ್ದೇಶಕ ಡಾ. ರಾಬರ್ಟ್ ವಾರ್ನರ್. ಅವರ ಬಳಿ ಬರುತ್ತಿದ್ದ ಕೆಲವು ಮಕ್ಕಳಿಗೆ ಫೀನೈಲ್‌ಕೀಟೋನೂರಿಯಾ, ಚಿಕ್ಕದಾಗಿ ಪಿಕೆಯು, ಎಂಬ ವಿಚಿತ್ರ ದೋಷವಿತ್ತು.

ತಾಯಂದಿರ ಪಟ್ಟು

ಪಿಕೆಯು ಏನೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆ, ಮಾಂಸಗಳಲ್ಲಿರುವ ಪ್ರೋಟೀನು ಜೀರ್ಣವಾದಾಗ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಅವುಗಳಲ್ಲಿ ಫಿನೈಲಲನಿನ್ ಒಂದು. ದೇಹಕ್ಕೆ ಬೇಕಾದಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಟೈರೋಸಿನ್ ಎಂಬ ಬೇರೊಂದು ಅಮೈನೋ ಆಮ್ಲವಾಗಿ ಮಾರ್ಪಡಿಸುವ ಕಿಣ್ವವೊಂದು ಯಕೃತ್ತಿನಲ್ಲಿದೆ. ಆ ಕಿಣ್ವ ಕೆಲಸ ಮಾಡದಿದ್ದರೆ ಫಿನೈಲಲನಿನ್ ರಕ್ತದಲ್ಲಿ ಸೇರುತ್ತ ಹೋಗಿ ಬೆಳೆಯುತ್ತಿರುವ ಮಿದುಳಿಗೆ ಹಾನಿಮಾಡುತ್ತದೆ. ಹುಟ್ಟುವಾಗ ಮಗು ಎಲ್ಲ ಮಕ್ಕಳಂತೆಯೇ ಇರುತ್ತದೆ. ಗರ್ಭದಲ್ಲಿರುವಷ್ಟು ದಿನ ತಾಯಿಯ ದೇಹವೇ ಈ ಕೆಲಸವನ್ನು ನಿರ್ವಹಿಸಿರುತ್ತದೆ. ಹಾಲು ಕುಡಿಯಲಾರಂಭಿಸಿದ ಮೇಲೆ ಅಪಾಯ ಶುರುವಾಗುತ್ತದೆ. ತಿಂಗಳುಗಳು ಕಳೆದಂತೆ ಮಗುವಿನ ನೋಟ, ನಗು, ಕುಳಿತುಕೊಳ್ಳುವುದು, ಮಾತು ಎಲ್ಲವೂ ಹಿಂದುಳಿಯುತ್ತವೆ. ಒಮ್ಮೆ ಆದ ಹಾನಿಯನ್ನು ಸರಿಪಡಿಸಲಾಗದು.

ಇಂತಹ ದೋಷಗಳು ಹುಟ್ಟಿನೊಂದಿಗೇ ಬರುತ್ತವೆಂದು ಮೊದಲು ತರ್ಕಬದ್ಧವಾಗಿ ಹೇಳಿದವರು ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್. ಮೂತ್ರ ಕಪ್ಪಾಗುವ ಆಲ್ಕ್ಯಾಪ್ಟೋನೂರಿಯಾ ಎಂಬ ದೋಷವನ್ನು ಕುರಿತು 1902ರಲ್ಲಿ ಬರೆಯುವಾಗ, ಹತ್ತಿರದ ಸಂಬಂಧಿಗಳು ಮದುವೆಯಾದ ಕುಟುಂಬಗಳಲ್ಲಿ ಅದು ಹೆಚ್ಚಾಗಿ ಕಾಣುತ್ತದೆಂಬುದನ್ನು ಅವರು ಗುರುತಿಸಿದ್ದರು. ಪಿಕೆಯು ದೋಷವನ್ನು ಕಂಡುಹಿಡಿದವರು ನಾರ್ವೆ ದೇಶದ ವೈದ್ಯ ಅಸ್‌ಬ್ಯೋರ್ನ್ ಫೋಲಿಂಗ್, 1934ರಲ್ಲಿ. ಅದರ ಹಿಂದಿದ್ದದ್ದು ಒಬ್ಬ ತಾಯಿಯ ಛಲ. ತನ್ನ ಇಬ್ಬರು ಮಕ್ಕಳೂ ಬುದ್ಧಿ ಬೆಳೆಯದೆ ಉಳಿದದ್ದೇಕೆ, ಅವರ ಮೈಯಿಂದ ವಿಲಕ್ಷಣ ವಾಸನೆ ಬರುವುದೇಕೆ ಎಂದು ಆಕೆ ಒಬ್ಬರಾದ ಮೇಲೊಬ್ಬರು ವೈದ್ಯರನ್ನು ಕೇಳುತ್ತ ಹೋಗಿ ಕೊನೆಗೆ ಫೋಲಿಂಗ್ ಅವರನ್ನು ತಲುಪಿದ್ದಳು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಅದು ಹಸಿರು ಬಣ್ಣಕ್ಕೆ ತಿರುಗಿದ್ದೇ ಶೋಧದ ಮೊದಲ ಸುಳಿವು.

ಚಿಕಿತ್ಸೆಯ ದಾರಿ ತೆರೆಯಲು ಮತ್ತೆ ಇಪ್ಪತ್ತು ವರ್ಷ ಬೇಕಾಯಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆಯಲ್ಲಿದ್ದ ಹಾರ್ಸ್ಟ್ ಬಿಕೆಲ್ ಮತ್ತು ಸಹೋದ್ಯೋಗಿಗಳು ಫಿನೈಲಲನಿನ್ ಬಹುಪಾಲು ತೆಗೆದ ವಿಶೇಷ ಆಹಾರವನ್ನು ಪುಟ್ಟ ಹುಡುಗಿಯೊಬ್ಬಳಿಗೆ ಕೊಟ್ಟು, ಆಕೆಯ ಸ್ಥಿತಿ ಸುಧಾರಿಸಿದುದನ್ನು 1953ರಲ್ಲಿ ವರದಿ ಮಾಡಿದರು. ಅಲ್ಲಿಯೂ ವೈದ್ಯರನ್ನು ಬಿಡದೆ ಕಾಡಿ ಪ್ರಯತ್ನಕ್ಕೆ ಹಚ್ಚಿದವಳು ಮಗುವಿನ ತಾಯಿಯೇ. ಆದರೆ ಆ ಆಹಾರದಿಂದ ಪೂರ್ಣ ಪ್ರಯೋಜನವಾಗಬೇಕಾದರೆ ಮಿದುಳು ಹಾಳಾಗುವ ಮೊದಲೇ, ಅಂದರೆ ಹುಟ್ಟಿದ ಕೆಲವೇ ವಾರಗಳೊಳಗೆ, ಅದನ್ನು ಆರಂಭಿಸಬೇಕಿತ್ತು. ಹಸಿ ಬಟ್ಟೆಯ ಮೇಲೆ ಫೆರಿಕ್ ಕ್ಲೋರೈಡ್ ಹಾಕಿ ನೋಡುವ ಮೂತ್ರಪರೀಕ್ಷೆ 1957ರ ಹೊತ್ತಿಗೆ ಬಳಕೆಗೆ ಬಂದಿತ್ತಾದರೂ, ಅದು ಹಸಿರು ತೋರಿಸುವ ಹೊತ್ತಿಗೆ ಮಗುವಿಗೆ ಹಲವು ವಾರ ತುಂಬಿ ಹಾನಿ ಶುರುವಾಗಿರುತ್ತಿತ್ತು. ಹೀಗೆ ಮದ್ದು ಇತ್ತು, ಆದರೆ ಮದ್ದು ಯಾವ ಮಗುವಿಗೆ ಬೇಕೆಂಬುದನ್ನು ಸಕಾಲದಲ್ಲಿ ತಿಳಿಯುವ ದಾರಿ ಇರಲಿಲ್ಲ.

ಬ್ಯಾಕ್ಟೀರಿಯಾ ಹೇಳಿದ ಉತ್ತರ

ವಾರ್ನರ್ ಅವರಿಗಿದ್ದ ತೊಂದರೆ ಬೇರೆಯದು. ವಿಶೇಷ ಆಹಾರದಲ್ಲಿರುವ ಮಕ್ಕಳ ರಕ್ತದಲ್ಲಿ ಫಿನೈಲಲನಿನ್ ಎಷ್ಟಿದೆಯೆಂದು ಆಗಾಗ ಅಳೆಯಬೇಕಾಗುತ್ತಿತ್ತು. ಅಂದಿನ ವಿಧಾನಗಳಿಗೆ ಹೆಚ್ಚು ರಕ್ತ ಬೇಕಾಗುತ್ತಿತ್ತು, ಸಮಯವೂ ಹಿಡಿಯುತ್ತಿತ್ತು. ಸುಲಭ ಉಪಾಯವೇನಾದರೂ ಉಂಟೇ ಎಂದು ಅವರು ಗಥ್ರಿ ಅವರನ್ನು ಕೇಳಿದರು. ಕ್ಯಾನ್ಸರ್ ರೋಗಿಗಳಿಗಾಗಿ ತಾವು ಬಳಸುತ್ತಿದ್ದ ತಂತ್ರವನ್ನೇ ಇದಕ್ಕೂ ಹೊಂದಿಸಬಹುದೆಂದು ಗಥ್ರಿ ಅವರಿಗೆ ಹೊಳೆಯಿತು. ಉತ್ತರ ಸಿಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ತಂತ್ರ ಸರಳವಾದದ್ದು. ಅಗರ್ ಎಂಬ ಪಾರದರ್ಶಕ ಲೋಳೆಯನ್ನು ತಟ್ಟೆಯಲ್ಲಿ ಹರಡಿ ಅದರಲ್ಲಿ ಬ್ಯಾಸಿಲಸ್ ಸಬ್‌ಟಿಲಿಸ್ ಎಂಬ ನಿರುಪದ್ರವಿ ಬ್ಯಾಕ್ಟೀರಿಯಾ ಬೆರೆಸಬೇಕು. ಜತೆಗೆ ಥೈನೈಲಲನಿನ್ ಎಂಬ ರಾಸಾಯನಿಕವನ್ನು ಸೇರಿಸಬೇಕು. ನೋಟಕ್ಕೆ ಫಿನೈಲಲನಿನ್ನಿನಂತೆಯೇ ಇರುವ ಈ ವಸ್ತು ಬ್ಯಾಕ್ಟೀರಿಯಾವನ್ನು ವಂಚಿಸಿ ಅದರ ಬೆಳವಣಿಗೆಯನ್ನು ತಡೆಯುತ್ತದೆ. ಈಗ ರಕ್ತ ಇಂಗಿದ ಕಾಗದದ ಪುಟ್ಟ ಬಿಲ್ಲೆಯನ್ನು ಆ ಲೋಳೆಯ ಮೇಲಿಟ್ಟು ಒಂದು ರಾತ್ರಿ ಬೆಚ್ಚಗೆ ಇಡಬೇಕು. ರಕ್ತದಲ್ಲಿ ಫಿನೈಲಲನಿನ್ ಮಾಮೂಲು ಪ್ರಮಾಣದಲ್ಲಿದ್ದರೆ ಏನೂ ಆಗುವುದಿಲ್ಲ. ಹೆಚ್ಚಾಗಿದ್ದರೆ ಅದು ತಡೆಯನ್ನು ಮೀರುತ್ತದೆ. ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆದು ಚಂದ್ರನ ಸುತ್ತ ಕಾಣುವ ಪ್ರಭೆಯಂತೆ ಬಿಳಿಯ ಉಂಗುರ ಮೂಡುತ್ತದೆ. ಉಂಗುರ ಎಷ್ಟು ಅಗಲವೋ ಫಿನೈಲಲನಿನ್ ಅಷ್ಟು ಹೆಚ್ಚು. ದುಬಾರಿ ಯಂತ್ರವಿಲ್ಲದೆ ಬರಿಗಣ್ಣಿನಿಂದಲೇ ಫಲಿತಾಂಶ ಓದಬಹುದಿತ್ತು. ಒಂದೇ ತಟ್ಟೆಯಲ್ಲಿ ಹತ್ತಾರು ಮಕ್ಕಳ ಬಿಲ್ಲೆಗಳನ್ನು ಸಾಲಾಗಿ ಜೋಡಿಸಬಹುದಿತ್ತು.

ಇದಿಷ್ಟೇ ಆಗಿದ್ದರೆ ಗಥ್ರಿ ಪರೀಕ್ಷೆ ಆಸ್ಪತ್ರೆಯೊಂದರ ಅನುಕೂಲವಾಗಿ ಉಳಿದುಬಿಡುತ್ತಿತ್ತು. 1958ರಲ್ಲಿ ಅವರ ಪತ್ನಿಯ ತಂಗಿಯ ಮಗುವಿಗೂ ಪಿಕೆಯು ಇದೆಯೆಂದು ತಿಳಿದುಬಂತು. ಆಗ ಆ ಹೆಣ್ಣುಮಗುವಿಗೆ ಹದಿನೈದು ತಿಂಗಳು. ಆಹಾರ ಬದಲಿಸಿದರೂ ಆಗಿಹೋದ ಹಾನಿ ಹಿಂತಿರುಗುವಂತಿರಲಿಲ್ಲ. ಸ್ವಂತ ಮಗನಿಗೆ ಏನಾಗಿದೆಯೆಂದು ತಿಳಿಯಲಾಗದ ತಂದೆಗೆ, ತಿಳಿದಿದ್ದರೆ ಉಳಿಸಬಹುದಾಗಿದ್ದ ಮಗುವೊಂದು ಮನೆತನದಲ್ಲೇ ಕೈತಪ್ಪಿದ್ದನ್ನು ನೋಡಬೇಕಾಯಿತು. ಚಿಕಿತ್ಸೆಯಲ್ಲಿರುವ ಮಕ್ಕಳನ್ನು ಅಳೆಯುವ ಉಪಕರಣವನ್ನು ಹುಟ್ಟುವ ಪ್ರತಿಯೊಂದು ಮಗುವನ್ನೂ ಪರೀಕ್ಷಿಸುವ ಉಪಕರಣವನ್ನಾಗಿ ಮಾಡಬೇಕೆಂಬ ನಿರ್ಧಾರ ಅಲ್ಲಿಂದ ಗಟ್ಟಿಯಾಯಿತು. ಅದೇ ವರ್ಷ ಗಥ್ರಿ ಕ್ಯಾನ್ಸರ್ ಸಂಶೋಧನೆಯನ್ನು ಬಿಟ್ಟು ಬಫಲೊದ ಮಕ್ಕಳ ಆಸ್ಪತ್ರೆಗೆ ಬಂದರು.

ಅವರ ನಿಜವಾದ ದೊಡ್ಡ ಹೆಜ್ಜೆ ಕಾಗದದ್ದು. ಹಿಮ್ಮಡಿಯನ್ನು ಸಣ್ಣಗೆ ಚುಚ್ಚಿ ಬಂದ ಹನಿಗಳನ್ನು ದಪ್ಪನೆಯ ಸೋಸುಕಾಗದದ ಮೇಲೆ ಇಂಗಿಸಿ ಒಣಗಿಸಿದರೆ ಸಾಕು. ಸಿರಿಂಜು, ಗಾಜಿನ ಕೊಳವೆ, ಮಂಜುಗಡ್ಡೆಯ ಪೆಟ್ಟಿಗೆ ಯಾವುದೂ ಬೇಡ. ಒಣಗಿದ ಕಾಗದವನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದರೆ ನೂರಾರು ಮೈಲಿ ದೂರದ ಪ್ರಯೋಗಾಲಯ ತಲುಪುತ್ತದೆ. ಹಳ್ಳಿಯ ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೂ ಮಹಾನಗರದ ದೊಡ್ಡ ಆಸ್ಪತ್ರೆಯ ಮಗುವಿಗೂ ಒಂದೇ ಪರೀಕ್ಷೆ ದೊರೆಯುವಂತಾದುದು ಈ ಕಾಗದದಿಂದ. ಬ್ಯಾಕ್ಟೀರಿಯಾದ ವಿಧಾನ ಬಹುತೇಕ ಕಡೆ ತೆರೆಮರೆಗೆ ಸರಿದಿದೆ. ಒಣ ರಕ್ತದ ಕಾಗದ ಮಾತ್ರ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಆರು ಡಾಲರ್ ಮತ್ತು 262 ಡಾಲರ್

ನ್ಯೂಯಾರ್ಕ್ ರಾಜ್ಯದ ಪಾಲನಾಸಂಸ್ಥೆಯೊಂದರ ನಿವಾಸಿಗಳ ಮೇಲೆ ನಡೆಸಿದ ಮೊದಲ ಪ್ರಯೋಗದಲ್ಲಿ, ಗೊತ್ತಿದ್ದ ಪಿಕೆಯು ಪ್ರಕರಣಗಳ ಜತೆಗೆ ಮೂತ್ರಪರೀಕ್ಷೆಯಲ್ಲಿ ತಪ್ಪಿಹೋಗಿದ್ದ ಕೆಲವರೂ ಸಿಕ್ಕಿಬಿದ್ದರು. ಅದರಿಂದ ಸರ್ಕಾರದ ಮಕ್ಕಳ ಇಲಾಖೆಗೆ ನಂಬಿಕೆ ಬಂತು. ಅದರ ನೆರವಿನಿಂದ 29 ರಾಜ್ಯಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಶಿಶುಗಳನ್ನು ಪರೀಕ್ಷಿಸಲಾಯಿತು. 39 ಮಕ್ಕಳಲ್ಲಿ ಪಿಕೆಯು ಪತ್ತೆಯಾಯಿತು. ಅಲ್ಲಿಯವರೆಗೆ ಅಂದಾಜು ಮಾಡಿದ್ದಕ್ಕಿಂತ ಇದು ಹೆಚ್ಚಿನ ಪ್ರಮಾಣ. ಸಹಾಯಕಿ ಏಡಾ ಸೂಸಿ ಅವರೊಡನೆ ಬರೆದ ಗಥ್ರಿ ಅವರ ಮುಖ್ಯ ಪ್ರಬಂಧ 1963ರಲ್ಲಿ ಪ್ರಕಟವಾಯಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ರಾಜ್ಯ ಈ ಪರೀಕ್ಷೆಯನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಿತು.

ಸಂಶೋಧನೆ ಯಶಸ್ವಿಯಾದೊಡನೆ ಹಣದ ಪ್ರಶ್ನೆ ಎದುರಾಯಿತು. ಪರೀಕ್ಷಾ ಸಾಮಗ್ರಿಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲೆಂದು ಗಥ್ರಿ ಪೇಟೆಂಟಿಗೆ ಅರ್ಜಿ ಸಲ್ಲಿಸಿ, ಏಮ್ಸ್ ಎಂಬ ಕಂಪನಿಗೆ ಪರವಾನಗಿ ನೀಡಿದ್ದರು. ತಮಗಾಗಿ ಅದರಿಂದ ಒಂದು ಪೈಸೆಯನ್ನೂ ಬಯಸಿರಲಿಲ್ಲ. ಬರುವ ಗೌರವಧನ ಪೋಷಕರ ಸಂಘ ಮತ್ತು ಸಂಶೋಧನಾ ನಿಧಿಗಳಿಗೆ ಸಲ್ಲಬೇಕೆಂದು ಏರ್ಪಡಿಸಿದ್ದರು. ಆದರೆ 500 ಶಿಶುಗಳ ಪರೀಕ್ಷೆಗೆ ಸಾಲುವ ಸಾಮಗ್ರಿಗೆ ಕಂಪನಿ ಇಟ್ಟ ಬೆಲೆ 262 ಡಾಲರ್ ಎಂದು ತಿಳಿದಾಗ ಅವರು ದಿಗ್ಭ್ರಮೆಗೊಂಡರು. ಬಫಲೊದ ತಮ್ಮ ಪ್ರಯೋಗಾಲಯದಲ್ಲಿ ಅದೇ ಸಾಮಗ್ರಿಯನ್ನು ಅವರು ಸುಮಾರು ಆರು ಡಾಲರಿಗೆ ಸಿದ್ಧಪಡಿಸುತ್ತಿದ್ದರು.

ಗಥ್ರಿ ಸುಮ್ಮನಿರಲಿಲ್ಲ. ವಿಷಯ ಅಮೆರಿಕದ ಸೆನೆಟ್ ವಿಚಾರಣೆಯವರೆಗೆ ಹೋಯಿತು. ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆಯ ಫಲ ಖಾಸಗಿ ಸ್ವತ್ತಾಗಬಹುದೇ ಎಂಬ ಪ್ರಶ್ನೆಗೆ ಗಥ್ರಿ ಪರೀಕ್ಷೆಯೇ ಉದಾಹರಣೆಯಾಯಿತು. ಕೊನೆಗೆ ಸರ್ಕಾರ ಆ ಹಕ್ಕು ಸಾರ್ವಜನಿಕರದೆಂದು ತೀರ್ಮಾನಿಸಿ, ಕಂಪನಿಗಿದ್ದ ಏಕಸ್ವಾಮ್ಯವನ್ನು ರದ್ದುಪಡಿಸಿತು. ರಾಜ್ಯಗಳ ಆರೋಗ್ಯ ಇಲಾಖೆಗಳು ತಮ್ಮ ತಮ್ಮ ಪ್ರಯೋಗಾಲಯಗಳಲ್ಲೇ ಅಗ್ಗವಾಗಿ ಪರೀಕ್ಷೆ ನಡೆಸುವ ದಾರಿ ತೆರೆಯಿತು. ಎಲ್ಲ ಮಕ್ಕಳಿಗೂ ಎಂಬ ಮಾತಿಗೆ ಅರ್ಥ ಬಂದದ್ದು ಈ ತೀರ್ಮಾನದ ನಂತರವೇ. 1965ರ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಕಾನೂನು ಮಾಡಿದ್ದವು. ಅಮೆರಿಕದ ಹೊರಗೂ ಒಂದಾದ ಮೇಲೊಂದು ದೇಶ ಈ ಪರೀಕ್ಷೆಯನ್ನು ಕೈಗೆತ್ತಿಕೊಂಡಿತು.

ವಿರೋಧದ ಮಾತುಗಳು

ಗಥ್ರಿ ಅವರ ಹಾದಿ ಹೂವಿನ ಹಾಸಿಗೆಯಾಗಿರಲಿಲ್ಲ. ವೈದ್ಯರು ಏನು ಮಾಡಬೇಕೆಂಬುದನ್ನು ಕಾನೂನು ಹೇಳಬಾರದೆಂದು ವೈದ್ಯಕೀಯ ಸಂಘಟನೆಗಳು ಕಡ್ಡಾಯ ಪರೀಕ್ಷೆಯನ್ನು ಆಕ್ಷೇಪಿಸಿದವು. ಮಕ್ಕಳ ತಜ್ಞ ಡಾ. ಸ್ಯಾಮ್ಯುಯೆಲ್ ಬೆಸ್‌ಮನ್ ಅವರಂತಹ ವಿಜ್ಞಾನಿಗಳು ಇನ್ನೂ ಗಂಭೀರವಾದ ಆಕ್ಷೇಪ ಎತ್ತಿದರು. ಫಿನೈಲಲನಿನ್ ಹೆಚ್ಚಿರುವ ಎಲ್ಲ ಮಕ್ಕಳಿಗೂ ಪಿಕೆಯು ಇರುವುದಿಲ್ಲ. ಕೆಲವರಲ್ಲಿ ಅದು ಹಾನಿಯಿಲ್ಲದ ಏರಿಕೆಯಷ್ಟೆ. ಅಂತಹ ಮಕ್ಕಳಿಗೂ ಕಟ್ಟುನಿಟ್ಟಿನ ಆಹಾರ ನೀಡಿದರೆ ಬೆಳವಣಿಗೆಗೆ ಬೇಕಾದ ಅಂಶವೇ ಸಿಗದೆ ತೊಂದರೆಯಾಗಬಹುದು ಎಂಬುದು ಅವರ ವಾದ.

ಈ ಟೀಕೆಯಲ್ಲಿ ಹುರುಳಿತ್ತು. ಆರಂಭದ ವರ್ಷಗಳಲ್ಲಿ ಅನವಶ್ಯಕವಾಗಿ ಪಥ್ಯಕ್ಕೆ ಒಳಗಾದ ಮಕ್ಕಳೂ ಇದ್ದರು. ಪಥ್ಯವನ್ನು ಐದಾರು ವರ್ಷದ ಮೇಲೆ ನಿಲ್ಲಿಸಬಹುದೆಂಬ ಅಂದಿನ ನಂಬಿಕೆಯೂ ತಪ್ಪೆಂದು ಕ್ರಮೇಣ ತಿಳಿದುಬಂದು, ಅದು ಜೀವಮಾನವಿಡೀ ಬೇಕೆಂಬ ಅಭಿಪ್ರಾಯ ನೆಲೆಗೊಂಡಿತು. ಪಿಕೆಯು ಇದ್ದು ಚಿಕಿತ್ಸೆಯಿಂದ ಆರೋಗ್ಯವಾಗಿ ಬೆಳೆದ ಹೆಣ್ಣುಮಕ್ಕಳು ಪಥ್ಯ ಬಿಟ್ಟು ಗರ್ಭಿಣಿಯರಾದರೆ ಹೊಟ್ಟೆಯಲ್ಲಿರುವ ಕೂಸಿಗೆ ಹಾನಿಯಾಗುತ್ತದೆಂಬುದೂ ಬೆಳಕಿಗೆ ಬಂತು. ಪರೀಕ್ಷೆ ಎಂಬುದು ಆರಂಭ ಮಾತ್ರ; ಅದರ ಹಿಂದೆ ದೃಢೀಕರಣದ ಪ್ರಯೋಗಾಲಯ, ತಜ್ಞ ವೈದ್ಯರು, ಆಹಾರತಜ್ಞರು, ವರ್ಷಗಟ್ಟಲೆ ಕೈಬಿಡದ ಆರೈಕೆ ಇರಬೇಕೆಂಬ ಪಾಠ ಇದರಿಂದ ದೊರೆಯಿತು. ಆದರೂ ಸಕಾಲದಲ್ಲಿ ಪತ್ತೆಯಾದ ಮಕ್ಕಳು ಶಾಲೆಗೆ ಹೋಗಿ, ಉದ್ಯೋಗ ಹಿಡಿದು, ಸಂಸಾರ ಹೂಡಿದ್ದನ್ನು ಕಂಡ ಮೇಲೆ ವಿರೋಧ ತಣ್ಣಗಾಯಿತು.

ಗಥ್ರಿ ಪಿಕೆಯು ಒಂದಕ್ಕೇ ನಿಲ್ಲಲಿಲ್ಲ. ಅದೇ ಕಾಗದದಿಂದ ಮತ್ತೊಂದು ಬಿಲ್ಲೆ ಕತ್ತರಿಸಿ ಗ್ಯಾಲಕ್ಟೋಸೀಮಿಯಾ, ಹೋಮೋಸಿಸ್ಟಿನೂರಿಯಾ, ಮೂತ್ರಕ್ಕೆ ಬೆಲ್ಲದ ಪಾಕದಂತಹ ವಾಸನೆ ತರುವ ಮೇಪಲ್ ಸಿರಪ್ ಕಾಯಿಲೆ ಮುಂತಾದವನ್ನು ಗುರುತಿಸುವ ವಿಧಾನಗಳನ್ನು ಅವರು ರೂಪಿಸಿದರು. 1970ರ ದಶಕದಲ್ಲಿ ಕೆನಡಾದ ಡಾ. ಜಾನ್ ದ್ಯುಸೊ ಇದೇ ಒಣ ರಕ್ತದಿಂದ ಹುಟ್ಟುವಾಗಲೇ ಇರುವ ಥೈರಾಯ್ಡ್ ಕೊರತೆಯನ್ನು ಪತ್ತೆಹಚ್ಚುವ ಕ್ರಮ ತಂದರು. ಪಿಕೆಯುಗಿಂತ ಹೆಚ್ಚು ಮಕ್ಕಳಲ್ಲಿ ಕಾಣುವ ಈ ಕೊರತೆಗೆ ದಿನಕ್ಕೊಂದು ಅಗ್ಗದ ಮಾತ್ರೆಯೇ ಚಿಕಿತ್ಸೆ.

ಬೆಂಗಳೂರಿನ ಅಧ್ಯಾಯ

ಗಥ್ರಿ ಅವರ ವಿಚಾರ ಜಗತ್ತಿನಲ್ಲಿ ಬೇರೂರಿದ್ದ ಇಂತಹ ಕಾಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಯೋಜನೆ ಆರಂಭವಾಯಿತು. ಅದಕ್ಕೆ ಕರ್ನಾಟಕ ತಕ್ಕ ಸ್ಥಳವಾಗಿತ್ತು. ಇಂತಹ ದೋಷಗಳಲ್ಲಿ ಹೆಚ್ಚಿನವು ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವಿರುವ ಜೀನು ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಒಬ್ಬರಿಂದ ಮಾತ್ರ ಬಂದರೆ ಮಗು ಆರೋಗ್ಯವಾಗಿಯೇ ಇರುತ್ತದೆ. ಇಬ್ಬರೂ ಅಂತಹ ಜೀನನ್ನು ಹೊತ್ತವರಾದರೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ. ಒಂದೇ ಅಜ್ಜ–ಅಜ್ಜಿಯ ರಕ್ತ ಇಬ್ಬರಲ್ಲೂ ಹರಿಯುತ್ತಿದ್ದರೆ ಒಂದೇ ದೋಷವನ್ನು ಇಬ್ಬರೂ ಹೊತ್ತಿರುವ ಸಂಭವ ಹೆಚ್ಚು.

ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಸೋದರತ್ತೆಯ ಮಗನಿಗೋ ಸೋದರಮಾವನ ಮಗನಿಗೋ ಹೆಣ್ಣು ಕೊಡುವುದು ನಮ್ಮ ಸೀಮೆಯಲ್ಲಿ ತಲೆತಲಾಂತರದಿಂದ ಬಂದ ರೂಢಿ. ಆಸ್ತಿ ಹೊರಗೆ ಹೋಗದಿರಲಿ, ಮಗಳು ಗೊತ್ತಿರುವ ಮನೆಗೇ ಸೇರಲಿ ಎಂಬ ಹಂಬಲ ಅದರ ಹಿಂದಿದೆ. ತಪಾಸಣೆಯ ಜತೆಗೆ ಬೆಂಗಳೂರು ಮತ್ತು ಮೈಸೂರಿನ ಹೆರಿಗೆಗಳಲ್ಲಿ ತಂದೆತಾಯಿಯರ ನಂಟಸ್ತಿಕೆಯ ವಿವರವನ್ನೂ ಸಂಗ್ರಹಿಸಲಾಯಿತು. 1980ರಿಂದ 1989ರವರೆಗಿನ ಆ ಮಾಹಿತಿಯ ಪ್ರಕಾರ ಸುಮಾರು ಮೂರನೆಯ ಒಂದು ಭಾಗ ಮದುವೆಗಳು ಹತ್ತಿರದ ನೆಂಟರೊಳಗೇ ನಡೆದಿದ್ದವು. ಬ್ರಿಟಿಷ್ ತಳಿವಿಜ್ಞಾನಿ ಅಲನ್ ಬಿಟಲ್ಸ್ ಅವರೊಡನೆ ಅಪ್ಪಾಜಿ ರಾವ್ ನಡೆಸಿದ ಈ ಅಧ್ಯಯನಗಳು ಅಂತಾರಾಷ್ಟ್ರೀಯ ಚರ್ಚೆಯಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತವೆ. ನೆಂಟಸ್ತಿಕೆಯಿಲ್ಲದ ದಂಪತಿಗಳ ಮಕ್ಕಳಲ್ಲಿಯೂ ಈ ದೋಷಗಳು ಕಾಣುತ್ತವೆ. ಒಳಸಂಬಂಧದ ಮದುವೆಗಳಲ್ಲಿ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದುದರಿಂದ ಯಾವ ಮನೆತನವನ್ನೂ ದೂಷಿಸದೆ ಎಲ್ಲ ಶಿಶುಗಳನ್ನೂ ಪರೀಕ್ಷಿಸುವುದೇ ಲೇಸು.

ಬೆಂಗಳೂರಿನ ಸಂಶೋಧನೆ ಪ್ರಕಟವಾಯಿತು. ವಿದ್ವಾಂಸರ ಮನ್ನಣೆಯನ್ನೂ ಗಳಿಸಿತು. ಆದರೆ ಲಕ್ಷ ಶಿಶುಗಳ ಅನುಭವವು ರಾಜ್ಯದ ಎಲ್ಲ ಮಕ್ಕಳಿಗೂ ತಲುಪುವ ಕಾರ್ಯಕ್ರಮವಾಗಿ ಬೆಳೆಯಲಿಲ್ಲ. ಅತಿಸಾರ, ನ್ಯುಮೋನಿಯಾಗಳಿಂದ ಶಿಶುಗಳು ಸಾಯುತ್ತಿದ್ದ ನಾಡಿನಲ್ಲಿ ಸಾವಿರಕ್ಕೊಂದು, ಹತ್ತು ಸಾವಿರಕ್ಕೊಂದು ಬರುವ ಕಾಯಿಲೆಗೆ ಹಣ ವ್ಯಯಿಸುವುದು ಯೋಜಕರಿಗೆ ಹಿಡಿಸಲಿಲ್ಲ.

ಕೊನೆಯ ವರ್ಷಗಳು

ಗಥ್ರಿ ಬಫಲೊದಲ್ಲಿ ಕೆಲಸ ಮುಂದುವರಿಸಿದರು. ಬೇರೆ ದೇಶಗಳಿಂದ ಬಂದವರಿಗೆ ವಿಧಾನ ಕಲಿಸುವುದು, ಹೊಸ ಪ್ರಯೋಗಾಲಯಗಳಿಗೆ ನೆರವಾಗುವುದು ಅವರ ನಿತ್ಯದ ಕಾಯಕವಾಯಿತು. ಬುದ್ಧಿಮಾಂದ್ಯಕ್ಕೆ ತಡೆಯಬಹುದಾದ ಕಾರಣ ಯಾವುದಿದ್ದರೂ ಅದು ಅವರ ಶತ್ರುವೇ. ಹಳೆಯ ಮನೆಗಳ ಬಣ್ಣದಿಂದ ಸೀಸ ಮಕ್ಕಳ ದೇಹ ಸೇರಿ ಮಿದುಳಿಗೆ ಹಾನಿಮಾಡುವುದರ ವಿರುದ್ಧ ಅವರು ದನಿಯೆತ್ತಿದರು. ಅದನ್ನೂ ರಕ್ತದ ಒಂದು ಹನಿಯಿಂದ ಪತ್ತೆಮಾಡಲು ಯತ್ನಿಸಿದರು. 1986ರಲ್ಲಿ ನಿವೃತ್ತರಾದ ಬಳಿಕವೂ ಈ ಹೋರಾಟ ನಿಲ್ಲಲಿಲ್ಲ. 1995ರ ಜೂನ್ 24ರಂದು, ಎಪ್ಪತ್ತೊಂಬತ್ತು ತುಂಬಲು ನಾಲ್ಕು ದಿನವಿರುವಾಗ, ಸಿಯಾಟಲ್ ನಗರದಲ್ಲಿ ಅವರು ಕೊನೆಯುಸಿರೆಳೆದರು.

ಅವರು ಕಣ್ಮುಚ್ಚುವ ಹೊತ್ತಿಗೆ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಈ ಕ್ಷೇತ್ರಕ್ಕೆ ಕಾಲಿಟ್ಟಿತ್ತು. ಗಥ್ರಿ ಅವರ 1960ರ ತಟ್ಟೆ ಒಂದು ದೋಷವನ್ನು ಹುಡುಕುತ್ತಿದ್ದರೆ, ಈ ಯಂತ್ರ ಅದೇ ಕಾಗದದ ಒಂದೇ ಬಿಲ್ಲೆಯಿಂದ ಕೆಲವೇ ನಿಮಿಷಗಳಲ್ಲಿ ಹತ್ತಾರು ದೋಷಗಳನ್ನು ಹುಡುಕಬಲ್ಲದು.

ಉಳಿದಿರುವ ಕೆಲಸ

ಭಾರತದಲ್ಲಿ ಎಲ್ಲ ಶಿಶುಗಳಿಗೂ ಅನ್ವಯವಾಗುವ ರಾಷ್ಟ್ರವ್ಯಾಪಿ ರಕ್ತ ತಪಾಸಣೆ ಇನ್ನೂ ಬಂದಿಲ್ಲ. ಗೋವಾ 2008ರಲ್ಲಿ ಸರ್ಕಾರಿ ಮಟ್ಟದಲ್ಲಿ ಒಂದು ಯತ್ನ ಮಾಡಿತು; ಕೇರಳವೂ ಅನಂತರ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲವು ದೋಷಗಳ ತಪಾಸಣೆ ಆರಂಭಿಸಿತು. 2013ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಜನ್ಮಜಾತ ಥೈರಾಯ್ಡ್ ಕೊರತೆಯೂ ಸೇರಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ನಗರಗಳಲ್ಲಿ ಲಕ್ಷಕ್ಕೂ ಮಿಕ್ಕಿದ ಶಿಶುಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಸುಮಾರು 1,130ಕ್ಕೆ ಒಂದು ಮಗುವಿನಲ್ಲಿ ಈ ಕೊರತೆ ಕಂಡುಬಂದಿದೆ. ಅಪರೂಪದ ಕಾಯಿಲೆಗಳಿಗಾಗಿ 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನೀತಿಯಡಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಉತ್ಕೃಷ್ಟತಾ ಕೇಂದ್ರವಾಗಿ ಗುರುತಿಸಿಕೊಂಡಿವೆ. ಪತ್ತೆಯಾದ ಮಗುವನ್ನು ನೋಡಿಕೊಳ್ಳುವ ತಜ್ಞತೆ ನಗರದಲ್ಲಿದೆ ಎಂದಾಯಿತು. ಪತ್ತೆಹಚ್ಚುವ ಮೊದಲ ಹೆಜ್ಜೆಯಲ್ಲೇ ಕೊರತೆ ಉಳಿದಿದೆ.

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳಲ್ಲಿ ಹುಟ್ಟುವ ಮಗುವಿಗೆ ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಲಸಿಕೆಗಳು ತಾಯಿ ಯಾವ ಆಸ್ಪತ್ರೆ ಸೇರಿದ್ದಳೆಂಬುದನ್ನು ನೋಡದೆ ಸಲ್ಲುತ್ತವೆ. ಹಿಮ್ಮಡಿಯ ರಕ್ತದ ಪರೀಕ್ಷೆಯಾದರೋ ಬಹುಮಟ್ಟಿಗೆ ಆಸ್ಪತ್ರೆಯ ಪದ್ಧತಿ ಮತ್ತು ತಂದೆತಾಯಿಯರ ಜೇಬನ್ನು ಅವಲಂಬಿಸಿದೆ. ಹೆರಿಗೆಯಾದ ಮರುದಿನವೇ ಮನೆಗೆ ಕಳುಹಿಸಿದರೆ, ಮಗು ಸಾಕಷ್ಟು ಹಾಲು ಕುಡಿಯುವ ಮೊದಲೇ ತೆಗೆದ ರಕ್ತದಲ್ಲಿ ಕೆಲವು ದೋಷಗಳು ಕಾಣದೆ ಹೋಗಬಹುದು. ಬಾಣಂತಿ ತವರಿನಲ್ಲಿದ್ದು ಕಾರ್ಡಿನಲ್ಲಿ ಗಂಡನ ಮನೆಯ ವಿಳಾಸವಿದ್ದರೆ, ಕೆಟ್ಟ ಸುದ್ದಿ ಹೊತ್ತ ವರದಿ ಸರಿಯಾದ ಬಾಗಿಲು ತಲುಪದಿರಬಹುದು. ಥೈರಾಯ್ಡ್ ಕೊರತೆಯ ಮಾತ್ರೆ ಮೊದಲ ಎರಡು ವಾರಗಳೊಳಗೆ ಆರಂಭವಾಗುವುದು ಒಳ್ಳೆಯದು; ತೊಟ್ಟಿಲಿಗೆ ಹಾಕಿ ಹೆಸರಿಡುವ ಹೊತ್ತಿಗೆ ಫಲಿತಾಂಶ ಕೈಸೇರಿರಬೇಕು ಎಂದರ್ಥ. ರಕ್ತ ತೆಗೆಯುವ ದಿನ, ತಾಯಿ ತಂಗುವ ಮನೆಯ ವಿಳಾಸ, ದೂರವಾಣಿ ಸಂಖ್ಯೆ ಇಂತಹ ಸಣ್ಣ ಸಂಗತಿಗಳಲ್ಲಿ ಎಚ್ಚರ ವಹಿಸಿದರೆ ದೊಡ್ಡ ಯಂತ್ರದಿಂದ ಆಗುವಷ್ಟೇ ಉಪಕಾರವಾಗುತ್ತದೆ.

ಗಥ್ರಿ ಅವರ ಪರೀಕ್ಷೆಯಿಂದ ಅವರ ಮಗನಿಗೆ ಯಾವ ಪ್ರಯೋಜನವೂ ಆಗಲಿಲ್ಲ. ತಂಗಿಯ ಮನೆಯ ಮಗುವಿಗೆ ಅದು ತಡವಾಗಿ ಬಂತು. ತಮ್ಮ ಮನೆಗೆ ದಕ್ಕದ ಫಲವನ್ನು ಅವರು ಆರು ಡಾಲರಿನ ಸಾಮಗ್ರಿಯಾಗಿ, ಅಂಚೆಯಲ್ಲಿ ಹೋಗುವ ಕಾಗದವಾಗಿ ಪರರ ಮಕ್ಕಳಿಗೆ ಮುಟ್ಟಿಸಿದರು. ಅವರ ಹೆಸರಿನ ಕಾಗದ ನಮ್ಮ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲಿ ಲಸಿಕೆಯಷ್ಟೇ ಸಹಜವಾಗಿ ಸಿಗುವಂತಾದರೆ, 1980ರಲ್ಲಿ ಬೆಂಗಳೂರು ಆರಂಭಿಸಿದ ಕೆಲಸ ಪೂರ್ಣಗೊಂಡಂತಾಗುತ್ತದೆ.